ನಿವೃತ್ತರ ಪುನಃಪ್ರವೇಶ: ಹೈದರಾಬಾದಿನ ಕ್ರೀಡಾಚರಿತ್ರೆಯಿಂದ ಒಂದು ಅಧ್ಯಾಯ

ಬ್ಯಾಸ್ಕೆಟ್‌ಬಾಲ್ ಆಟದ ಮಹಾರಥಿಗಳು ನಿವೃತ್ತಿಯನ್ನು ಘೋಷಿಸಿದ ಬಳಿಕ ಮತ್ತೆ ವೃತ್ತಿಪರರಾಗಿ ಅಂಗಳಕ್ಕಿಳಿಯಬಲ್ಲರೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಆಗಾಗ ಏಳುತ್ತಿರುತ್ತದೆ. ಏಳುವುದಕ್ಕೆ ಕಾರಣವೂ ಉಂಟು. 1963ರಲ್ಲಿ ಆಟವನ್ನು ಬಿಟ್ಟಿದ್ದ ಬಾಬ್ ಕೂಸಿಯವರು 1969ರಲ್ಲಿ, ತಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ, ತಾವೇ ತರಬೇತಿ ಕೊಡುತ್ತಿದ್ದ ಸಿನ್ಸಿನಾಟಿ ತಂಡದ ಪರವಾಗಿ ಏಳು ಪಂದ್ಯಗಳಲ್ಲಿ ಆಡಿದರು. ಆದರೆ ಹಾಗೆ ಆಡುವುದಕ್ಕೆ ಮೊದಲು, ಆರು ವರ್ಷಗಳ ಹಿಂದೆ ಅವರು ಬಿಟ್ಟುಬಂದಿದ್ದ ಬಾಸ್ಟನ್ ತಂಡದವರು ಅವರ ಮೇಲಿನ ತಮ್ಮ ಹಕ್ಕು ಇನ್ನೂ ಅಳಿದಿಲ್ಲವೆಂದು ಪಟ್ಟುಹಿಡಿದುದರಿಂದ, ಅದಕ್ಕೆ ಪರಿಹಾರವಾಗಿ ಒಬ್ಬ ಆಟಗಾರನನ್ನೇ ಅವರಿಗೆ ಒಪ್ಪಿಸಬೇಕಾಯಿತು. 1993ರಲ್ಲಿ ಆಟ ತೊರೆದು, 1995ರಲ್ಲಿ ಮರಳಿ, 1999ರಲ್ಲಿ ಮತ್ತೆ ತೊರೆದ ಮೈಕೆಲ್ ಜೋರ್ಡನ್ನರು 2001ರಲ್ಲಿ, ಮೂವತ್ತೆಂಟು ವರ್ಷದವರಾಗಿದ್ದಾಗ, ಮೂರನೆಯ ಬಾರಿ ಅಂಗಳಕ್ಕೆ ಬಂದರು. ಆಗ ಅವರು ವಾಷಿಂಗ್ಟನ್ ತಂಡದ ಪಾಲುದಾರರಾಗಿದ್ದರು, ಒಡೆಯನಾದವನು ಆಳಾಗಿ ಆಡಕೂಡದೆಂಬ ನಿಯಮವಿದ್ದುದರಿಂದ ಆ ಪಾಲನ್ನು ಬಿಟ್ಟುಕೊಟ್ಟ ಮೇಲಷ್ಟೇ ಅವರಿಗೆ ಚೆಂಡು ಮುಟ್ಟುವ ಅಧಿಕಾರ ದೊರೆಯಿತು. ಮರಳಿ ಆಡುವವನ ಮೊಣಕಾಲು ಗಟ್ಟಿಯಾಗಿದೆಯೇ, ಉಸಿರು ಸಾಲುವುದೇ ಎಂದು ಪ್ರೇಕ್ಷಕರು ಚಿಂತಿಸುತ್ತಿರುವಾಗ, ತೆರೆಯ ಹಿಂದೆ ಕಾಗದಪತ್ರಗಳ ಇನ್ನೊಂದು ಆಟ ನಡೆದಿರುತ್ತದೆಂಬುದನ್ನು ಈ ಎರಡು ಪ್ರಸಂಗಗಳು ಸೂಚಿಸುತ್ತವೆ.

ಈ ಪ್ರಶ್ನೆಯನ್ನೇ ಹೈದರಾಬಾದಿಗೆ ತಂದು ಬ್ಯಾಸ್ಕೆಟ್‌ಬಾಲಿನವರನ್ನು ಕೇಳಿದರೆ ಅವರು ನಕ್ಕಾರು. ವೈ.ಎಂ.ಸಿ.ಎ. ಸಂಸ್ಥೆಯ ಮೂಲಕ ನಮ್ಮ ದೇಶಕ್ಕೆ ಬಂದು, 1934ರಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿಯನ್ನು ಕಂಡ ಈ ಆಟಕ್ಕೆ ಹೈದರಾಬಾದು, ಸಿಕಂದರಾಬಾದುಗಳಲ್ಲಿ ಅಂಗಳಗಳಿಗೇನೂ ಕೊರತೆಯಿಲ್ಲ; ಕೊರತೆಯಿರುವುದು ಸಂಬಳಕ್ಕೆ. ನಮ್ಮಲ್ಲಿ ಎತ್ತರದ ಹುಡುಗನೊಬ್ಬನು ಚೆನ್ನಾಗಿ ಆಡಿದನೆಂದರೆ ಅವನಿಗೆ ದೊರೆಯತಕ್ಕ ಫಲ ರೈಲ್ವೆಯಲ್ಲಿಯೋ ಪೊಲೀಸಿನಲ್ಲಿಯೋ ಬ್ಯಾಂಕಿನಲ್ಲಿಯೋ ಒಂದು ನೌಕರಿ; ಅವನು ನಿವೃತ್ತನಾಗುವುದು ಕಚೇರಿಯಿಂದಲೇ ಹೊರತು ಆಟದಿಂದಲ್ಲ, ಆಟವಾದರೋ ಬಡ್ತಿ, ವರ್ಗಾವಣೆ, ಬೊಜ್ಜುಗಳ ನಡುವೆ ಎಲ್ಲಿಯೋ ಸದ್ದಿಲ್ಲದೆ ಕೈಬಿಟ್ಟುಹೋಗಿರುತ್ತದೆ. 2015ರಲ್ಲಿ ಯು.ಬಿ.ಎ. ಎಂಬ ವೃತ್ತಿಪರ ಲೀಗು ಆರಂಭವಾಗಿ, ಹೈದರಾಬಾದಿನ ಹೆಸರಿನಲ್ಲಿಯೂ ಒಂದು ತಂಡವನ್ನು ಕಟ್ಟಿ, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ವೃತ್ತಿಯೇ ನೆಲೆಗೊಳ್ಳದ ಕಡೆ ವೃತ್ತಿಗೆ ಮರಳುವ ಮಾತೆಲ್ಲಿ ಬಂತು? ಆದುದರಿಂದ ಈ ನಗರದಲ್ಲಿ ನಿವೃತ್ತರ ಪುನಃಪ್ರವೇಶದ ಚರಿತ್ರೆಯನ್ನು ಅರಸುವವನು ಕ್ರಿಕೆಟ್ಟಿನ ಮೈದಾನಕ್ಕೇ ಹೋಗಬೇಕು. ಅಲ್ಲಿ ಆ ಚರಿತ್ರೆ ತೊಂಬತ್ತು ವರ್ಷಗಳಷ್ಟು ಹಿಂದಕ್ಕೆ ಚಾಚಿಕೊಂಡಿದೆ.

ಹೈದರಾಬಾದು ಸಂಸ್ಥಾನವೆಂದರೆ ಬರಿಯ ಚಾರ್‌ಮಿನಾರು, ಹುಸೇನ್ ಸಾಗರಗಳ ನಗರವಲ್ಲವಷ್ಟೆ. 1956ರ ನವೆಂಬರ್ 1ರವರೆಗೆ ನಮ್ಮ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಅದರ ಅಂಗಗಳಾಗಿದ್ದುವು. 1937-38ರಲ್ಲಿ ಹೈದರಾಬಾದು ತಂಡವು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ನವಾನಗರವನ್ನು ಒಂದೇ ಒಂದು ವಿಕೆಟ್ಟಿನಿಂದ ಸೋಲಿಸಿ ರಣಜಿ ಟ್ರೋಫಿಯನ್ನು ಗೆದ್ದಾಗ, ಐಬರಾ ಅವರು ಔಟಾಗದೆ ಗಳಿಸಿದ 137 ರನ್ನುಗಳಿಗಾಗಿ ಹಿಗ್ಗುವ ಹಕ್ಕು ಬೀದರದ ಕನ್ನಡಿಗನಿಗೂ ಇತ್ತೆಂದು ಧಾರಾಳವಾಗಿ ಹೇಳಬಹುದು. ಆ ಕಾಲದ ಕ್ರಿಕೆಟ್ಟಿನ ಆಧಾರಸ್ತಂಭ ಶ್ರೀಮಂತರ ಖಜಾನೆ. ಪೈಗಾ ಮನೆತನದ ನವಾಬ್ ಮೊಯಿನ್-ಉದ್-ದೌಲಾ ಅವರ ಹೆಸರಿನ ಚಿನ್ನದ ಬಟ್ಟಲಿಗಾಗಿ 1930-31ರಿಂದ ಸಿಕಂದರಾಬಾದಿನಲ್ಲಿ ಪಂದ್ಯಾವಳಿ ನಡೆಯತೊಡಗಿತು. ದೇಶದ ಪ್ರಸಿದ್ಧ ಆಟಗಾರರನ್ನೆಲ್ಲ ಕರೆಸಿ, ಒಬ್ಬೊಬ್ಬ ಪೋಷಕನ ಧ್ವಜದ ಕೆಳಗೆ ಒಂದೊಂದು ತಂಡವಾಗಿ ಆಡಿಸುವ ಪದ್ಧತಿ ಅಲ್ಲಿ ಬೆಳೆಯಿತು. ವೆಸ್ಟ್ ಇಂಡೀಸಿನ ಲಿಯರಿ ಕಾನ್‌ಸ್ಟಂಟೈನರಂಥವರು ಕೂಡ 1934ರಲ್ಲಿ ಕಡಲು ದಾಟಿ ಬಂದು ಅಲ್ಲಿ ಆಡಿದರು. ಆಟಗಾರನ ವಯಸ್ಸು ಎಷ್ಟು, ಅವನು ನಿವೃತ್ತನೋ ಅಲ್ಲವೋ ಎಂಬ ವಿಚಾರಣೆ ಅಲ್ಲಿರಲಿಲ್ಲ. ಪೋಷಕನು ಕರೆದನೆ, ಆಟಗಾರನು ಬಂದನೆ, ಅಷ್ಟೇ.

1930-31ರ ಋತುವಿನಲ್ಲಿಯೇ ವಿಜಯನಗರಂನ ಮಹಾರಾಜಕುಮಾರರು, ಎಂದರೆ ತೆಲುಗು ಕರಾವಳಿಯ ವಿಜಯನಗರದವರು, ಹಂಪೆಗೂ ಅವರಿಗೂ ಸಂಬಂಧವಿಲ್ಲ, ಇಂಗ್ಲೆಂಡಿನ ಜಾಕ್ ಹಾಬ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್‌ರನ್ನು ಕರೆಸಿ ಭಾರತ, ಸಿಂಹಳಗಳಲ್ಲಿ ತಮ್ಮ ತಂಡದೊಡನೆ ಆಡಿಸಿದರು. ಹಾಬ್ಸರು 1930ರ ಆಗಸ್ಟ್ ತಿಂಗಳಿನಲ್ಲಷ್ಟೇ ಟೆಸ್ಟ್ ಪಂದ್ಯಗಳಿಗೆ ವಿದಾಯ ಹೇಳಿದ್ದರು, ವಯಸ್ಸು ನಲವತ್ತೆಂಟು, ಭಾನುವಾರ ಆಡುವುದು ತಮ್ಮ ಧರ್ಮಕ್ಕೆ ಸಲ್ಲದೆಂದು ಅವರು ಹೇಳಿದುದರಿಂದ ಪಂದ್ಯಗಳ ದಿನಗಳನ್ನೇ ಹೊಂದಿಸಿಕೊಳ್ಳಬೇಕಾಯಿತು. ಆ ಪ್ರವಾಸದಲ್ಲಿ ಅವರು ಬಾರಿಸಿದ ಎರಡು ಶತಕಗಳನ್ನು ಪ್ರಥಮ ದರ್ಜೆಯವೆಂದು ಎಣಿಸಬೇಕೋ ಬೇಡವೋ ಎಂಬ ಜಗಳ ಅಂಕಿ-ಅಂಶಗಳ ಪಂಡಿತರ ನಡುವೆ ಇಂದಿಗೂ ಮುಗಿದಿಲ್ಲ; ಅವರ ಒಟ್ಟು ಶತಕಗಳು ಒಂದು ಪುಸ್ತಕದಲ್ಲಿ 197, ಇನ್ನೊಂದರಲ್ಲಿ 199. ಮರಳಿ ಆಡಿದ ಆಟ ನಿಜವಾದ ಆಟವೇ, ಪ್ರದರ್ಶನವೇ ಎಂಬ ಸಂದೇಹ ಅಂದಿನಿಂದಲೂ ಈ ವಿಷಯದ ಬೆನ್ನಿಗೆ ಅಂಟಿಕೊಂಡು ಬಂದಿದೆ.

ನಿವೃತ್ತಿಯೆಂಬ ಕಲ್ಪನೆಯೇ ತಲೆಗೆ ಹತ್ತದ ಒಬ್ಬ ಮಹಾಶಯರೂ ಆ ಯುಗದಲ್ಲಿದ್ದರು. ಹೋಳ್ಕರರ ಸೈನ್ಯದಲ್ಲಿ ಕರ್ನಲ್ ಪದವಿಯನ್ನು ಪಡೆದಿದ್ದ ಸಿ. ಕೆ. ನಾಯುಡು ಅವರು 1916ರಲ್ಲಿ ಪ್ರಥಮ ದರ್ಜೆಯ ಕ್ರಿಕೆಟ್ಟನ್ನು ಆರಂಭಿಸಿ, 1953-54ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಆಗಷ್ಟೇ ಹುಟ್ಟಿದ್ದ ಆಂಧ್ರ ತಂಡಕ್ಕಾಗಿ ರಣಜಿ ಪಂದ್ಯಗಳನ್ನು ಆಡಿ, ಅರವತ್ತು ದಾಟಿದ ಮೇಲೆ ಉತ್ತರಪ್ರದೇಶಕ್ಕಾಗಿ ಆಡಿ, ಕಡೆಯ ಪಂದ್ಯವನ್ನು 1963-64ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ ಮುಗಿಸಿದರು. ಅಷ್ಟು ವರ್ಷ ಮೈದಾನವನ್ನೇ ಬಿಡದವನ ಪುನರಾಗಮನವನ್ನು ಕುರಿತು ಹೇಳಲು ಚರಿತ್ರಕಾರನಿಗೆ ಏನೂ ಇಲ್ಲ.

ಸಂಸ್ಥಾನಗಳು ಅಳಿದ ಬಳಿಕ ಪೋಷಕನ ಸ್ಥಾನಕ್ಕೆ ಬಂದದ್ದು ಸರಕಾರೀ ಕಚೇರಿ. ಇದರ ಅತ್ಯಂತ ಉಜ್ವಲವಾದ ನಿದರ್ಶನ ಕ್ರಿಕೆಟ್ಟಿನಲ್ಲಿಲ್ಲ, ಕಾಲ್ಚೆಂಡಿನಲ್ಲಿದೆ. ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಉಪಾಧ್ಯಾಯರು ಹೈದರಾಬಾದು ನಗರ ಪೊಲೀಸ್ ತಂಡವನ್ನು ತಿದ್ದಿ ತೀಡಿ, 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ಪನ್ನು ಗೆಲ್ಲಿಸಿದರು; ಅವರ ತರಬೇತಿಯಲ್ಲಿಯೇ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನೂ ಪಡೆಯಿತು. ಆ ತಂಡದಲ್ಲಿ ಹೈದರಾಬಾದಿನವರು ಹಲವರು. ಅವರಲ್ಲಿ ಸಿಕಂದರಾಬಾದಿನ ಅಮ್ಮುಗುಡದ ತುಳಸಿದಾಸ್ ಬಲರಾಮ್ ಒಬ್ಬರು. ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ, ಅಲ್ಲಿಂದ ರೈಲ್ವೆಯ ತಂಡವಾದ ಬಿ.ಎನ್.ಆರ್.ಗೆ ಸೇರಿ, ಇನ್ನೂ ಇಪ್ಪತ್ತೇಳು ತುಂಬುವ ಹೊತ್ತಿಗೆ ಶ್ವಾಸಕೋಶದ ಕಾಯಿಲೆಯಿಂದಾಗಿ ಅವರು ಆಟವನ್ನೇ ಬಿಡಬೇಕಾಯಿತು. ನೌಕರಿ ಉಳಿಯಿತು, ಆಟ ಹೋಯಿತು. ಚೇತರಿಸಿಕೊಂಡ ಮೇಲೆ ಎಲ್ಲಿಯಾದರೂ ಒಂದೆರಡು ಋತು ಹಣಕ್ಕಾಗಿ ಆಡಿ, ಕಳೆದುಕೊಂಡ ಯೌವನದ ಲೆಕ್ಕವನ್ನು ಸರಿಮಾಡಿಕೊಳ್ಳುವ ಮಾರ್ಗ ಅವರಿಗಿರಲಿಲ್ಲ. ಅಂಥ ಮಾರುಕಟ್ಟೆಯೇ ದೇಶದಲ್ಲಿರಲಿಲ್ಲ. 2023ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ ಅವರು ಬಂಗಾಳದಲ್ಲಿಯೇ ಉಳಿದರು. ಕಚೇರಿಯ ಪೋಷಣೆಯನ್ನು ನಾನು ನಿಂದಿಸುತ್ತಿಲ್ಲ, ಅದು ಸಾವಿರಾರು ಆಟಗಾರರ ಒಲೆಯನ್ನು ಉರಿಸಿದೆ. ಆದೊಡೆ ಅದು ಕೊಡುವುದು ಅನ್ನವನ್ನೇ ಹೊರತು ಎರಡನೆಯ ಅವಕಾಶವನ್ನಲ್ಲ.

ಎರಡನೆಯ ಅವಕಾಶವನ್ನು ಅರಸಿ ಹೈದರಾಬಾದಿಗೆ ಬಂದ ಮೊದಲ ವಿಖ್ಯಾತ ಪುರುಷನೆಂದು ನಾನು ಎಣಿಸತಕ್ಕವನು ಜಮೈಕದ ರಾಯ್ ಗಿಲ್‌ಕ್ರಿಸ್ಟ್. 1958-59ರಲ್ಲಿ ವೆಸ್ಟ್ ಇಂಡೀಸಿನೊಡನೆ ಭಾರತಕ್ಕೆ ಬಂದು, ನಾಲ್ಕು ಟೆಸ್ಟುಗಳಲ್ಲಿ 26 ವಿಕೆಟ್ಟುಗಳನ್ನು ಕಿತ್ತ ಈ ವೇಗದ ಬೌಲರನ ಕೋಪವೂ ವೇಗವೂ ಒಂದನ್ನೊಂದು ಮೀರಿಸುವಂತಿದ್ದುವು. ಅಮೃತಸರದಲ್ಲಿ ಉತ್ತರ ವಲಯದ ವಿರುದ್ಧ ನಡೆದ ಪಂದ್ಯದಲ್ಲಿ ಸ್ವರಣ್‌ಜಿತ್ ಸಿಂಗ್ ಎಂಬ ಬ್ಯಾಟುದಾರನ ತಲೆಯ ಮಟ್ಟಕ್ಕೆ ನೆಲ ಮುಟ್ಟದ ಚೆಂಡುಗಳನ್ನು, ಬೀಮರುಗಳನ್ನು, ಒಂದರ ಮೇಲೊಂದರಂತೆ ಎಸೆದಾಗ, ಕೇಂಬ್ರಿಜ್ಜಿನಲ್ಲಿ ಆ ಬ್ಯಾಟುದಾರನ ಪರಿಚಿತರಾಗಿದ್ದ ನಾಯಕ ಜೆರ‍್ರಿ ಅಲೆಗ್ಸಾಂಡರರು ಈತನನ್ನು ತಂಡದಿಂದ ಬಿಡಿಸಿ ಊರಿಗೆ ಕಳುಹಿಸಿದರು. ವಯಸ್ಸು ಇಪ್ಪತ್ತನಾಲ್ಕು, ಹದಿಮೂರು ಟೆಸ್ಟುಗಳಲ್ಲಿ 57 ವಿಕೆಟ್ಟು, ಅಲ್ಲಿಗೆ ಟೆಸ್ಟ್ ಜೀವನ ಸಮಾಪ್ತಿ. ಇವನನ್ನು ನಿವೃತ್ತನೆನ್ನುವುದು ಸರಿಯಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಿಕೊಳ್ಳುತ್ತೇನೆ. ನಿವೃತ್ತಿಯನ್ನು ಇವನು ಪಡೆದದ್ದಲ್ಲ, ಇವನ ಮೇಲೆ ಹೇರಿದ್ದು.

ಮೂರು ವರ್ಷಗಳ ನಂತರ ಚಕ್ರ ತಿರುಗಿತು. 1962ರ ಮಾರ್ಚ್ ತಿಂಗಳಿನಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತನ ಚೆಂಡು ತಗುಲಿ ಭಾರತದ ನಾಯಕ ನಾರಿ ಕಂಟ್ರಾಕ್ಟರರ ತಲೆಬುರುಡೆಯೇ ಒಡೆದು, ಸರಣಿಯ ಐದು ಟೆಸ್ಟುಗಳನ್ನೂ ಭಾರತ ಸೋತಿತು. ವೇಗದ ಬೌಲಿಂಗನ್ನು ಎದುರಿಸಿ ಅಭ್ಯಾಸವಿಲ್ಲದಿರುವುದೇ ಈ ದುರವಸ್ಥೆಗೆ ಮೂಲವೆಂದು ನಿರ್ಣಯಿಸಿದ ನಮ್ಮ ಕ್ರಿಕೆಟ್ ಮಂಡಲಿಯವರು ಮುಂದಿನ ಋತುವಿಗೆ ವೆಸ್ಟ್ ಇಂಡೀಸಿನಿಂದ ನಾಲ್ವರು ವೇಗಿಗಳನ್ನು ಸಂಬಳ ಕೊಟ್ಟು ಕರೆಸಿ, ಚಾರ್ಲಿ ಸ್ಟೇಯರ್ಸನನ್ನು ಮುಂಬಯಿಗೂ, ಲೆಸ್ಟರ್ ಕಿಂಗನನ್ನು ಬಂಗಾಳಕ್ಕೂ, ಚೆಸ್ಟರ್ ವಾಟ್ಸನನನ್ನು ದಿಲ್ಲಿಗೂ ಹಂಚಿದರು. ಹೈದರಾಬಾದಿಗೆ ಬಂದವನು ಗಿಲ್‌ಕ್ರಿಸ್ಟ್. ಯಾವ ದೇಶದ ಬ್ಯಾಟುದಾರರನ್ನು ಹೆದರಿಸಿದುದಕ್ಕಾಗಿ ತನ್ನ ಜೀವನೋಪಾಯವನ್ನು ಕಳೆದುಕೊಂಡನೋ ಅದೇ ದೇಶದ ಬ್ಯಾಟುದಾರರಿಗೆ ಹೆದರದಿರುವುದನ್ನು ಕಲಿಸುವುದಕ್ಕಾಗಿ ಅವನಿಗೆ ಸಂಬಳ ದೊರೆಯಿತು! ಕಲಿಕೆ ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಈಡನ್ ಗಾರ್ಡನಿನಲ್ಲಿ ಬಂಗಾಳದ ಹಿರಿಯ ಆಟಗಾರ ಪಂಕಜ್ ರಾಯ್ ತೋರಿಸಿಕೊಟ್ಟರು: ಹೈದರಾಬಾದಿನ ವಿರುದ್ಧ, ಗಿಲ್‌ಕ್ರಿಸ್ಟನ ಚೆಂಡುಗಳನ್ನು ಎದುರಿಸಿ, ಎರಡು ಸರದಿಗಳಲ್ಲಿಯೂ ಶತಕ, 112 ಮತ್ತು 118. ಮಂಡಲಿಯ ಪ್ರಯೋಗ ಒಂದೇ ಋತುವಿಗೆ ಮುಗಿಯಿತು. ಗಿಲ್‌ಕ್ರಿಸ್ಟನಿಗೆ ವೆಸ್ಟ್ ಇಂಡೀಸಿನ ಬಾಗಿಲು ಮತ್ತೆ ತೆರೆಯಲಿಲ್ಲ.

ಇಲ್ಲಿಂದ ಮುಂದೆ ನಲವತ್ತೈದು ವರ್ಷಗಳನ್ನು ದಾಟಿಬಿಡಬಹುದು. ಏಕೆಂದರೆ ಆ ಅವಧಿಯಲ್ಲಿ ಹೈದರಾಬಾದು ಜೈಸಿಂಹರಿಂದ ಲಕ್ಷ್ಮಣರವರೆಗೆ ಅನೇಕ ಶ್ರೇಷ್ಠರನ್ನು ಹಡೆಯಿತಾದರೂ, ಬ್ಯಾಟು ಕೆಳಗಿಟ್ಟವನು ಅದನ್ನು ಮತ್ತೆ ಎತ್ತಿಕೊಳ್ಳಲು ಕಾರಣವೇ ಇರಲಿಲ್ಲ. ಐದು ದಿನದ ಆಟಕ್ಕೆ ದೇಹ ಒಗ್ಗದೆಂದು ಬಿಟ್ಟವನು ಮೂರು ದಿನದ ಆಟಕ್ಕೆ ಬಂದು ಗಳಿಸುವುದೇನು? ಕಾರಣವನ್ನು ಒದಗಿಸಿದುದು ಇಪ್ಪತ್ತು ಓವರುಗಳ ಪಂದ್ಯ. ಇಲ್ಲಿ ಬ್ಯಾಸ್ಕೆಟ್‌ಬಾಲಿಗೂ ಕ್ರಿಕೆಟ್ಟಿಗೂ ಇರುವ ಒಂದು ಮೂಲಭೂತವಾದ ಭೇದವನ್ನು ಗಮನಿಸಬೇಕು. ಅಂಗಳದಲ್ಲಿ ಐದೇ ಜನರಿರುವ, ಎಲ್ಲರೂ ಓಡುತ್ತಲೇ ಇರಬೇಕಾದ ಆಟದಲ್ಲಿ ಮುಪ್ಪಾದವನಿಗೆ ಅಡಗಲು ಸ್ಥಳವಿಲ್ಲ. ಜೋರ್ಡನ್ನರಂಥ ಜೋರ್ಡನ್ನರೂ ವಾಷಿಂಗ್ಟನ್ನಿನಲ್ಲಿ ಒಂದು ರಾತ್ರಿ 51 ಅಂಕಗಳನ್ನು ಗಳಿಸಿದರಾದರೂ ತಂಡವನ್ನು ಅಂತಿಮ ಸುತ್ತುಗಳಿಗೆ ಒಯ್ಯಲಾರದೆ ಹೋದರು. ಇಪ್ಪತ್ತು ಓವರುಗಳ ಕ್ರಿಕೆಟ್ಟಾದರೋ ನಿವೃತ್ತನಿಗೆ ಹೇಳಿ ಮಾಡಿಸಿದಂಥದು: ಸ್ಪಿನ್ನರನು ಎಸೆಯಬೇಕಾದುದು ಇಪ್ಪತ್ತನಾಲ್ಕು ಚೆಂಡು, ಮಿಕ್ಕ ಹೊತ್ತು ಶಾರ್ಟ್ ಫೈನ್ ಲೆಗ್ಗಿನಲ್ಲಿ ನಿಂತಿದ್ದರಾಯಿತು, ಅವನ ಕಾಲಿಗಿಂತ ಅವನ ತಲೆಗೇ ಅಲ್ಲಿ ಬೆಲೆ ಹೆಚ್ಚು.

ಈ ಹೊಸ ಸಂತೆಯನ್ನು ಮೊದಲು ನೆರೆಸಿದವರು 2007ರಲ್ಲಿ ಸುಭಾಷ್ ಚಂದ್ರ ಅವರ ಎಸ್ಸೆಲ್ ಸಮೂಹದವರು. ಅವರ ಇಂಡಿಯನ್ ಕ್ರಿಕೆಟ್ ಲೀಗಿಗೆ ಮಂಡಲಿಯ ಅನುಮತಿಯಿರಲಿಲ್ಲ, ಮಂಡಲಿಯ ಅಧೀನದಲ್ಲಿದ್ದ ಮೈದಾನಗಳೂ ದೊರೆಯಲಿಲ್ಲ. ಹೈದರಾಬಾದಿನ ಲಾಲ್ ಬಹಾದ್ದೂರ್ ಕ್ರೀಡಾಂಗಣ ಮಾತ್ರ ಸರಕಾರದ ಕ್ರೀಡಾ ಪ್ರಾಧಿಕಾರದ ಸ್ವತ್ತಾಗಿತ್ತು. ಗೋಲ್ಕೊಂಡವನ್ನು ಮುತ್ತಿದ ಮೊಗಲರ ದಂಡು ಇಳಿದಿದ್ದ ಸ್ಥಳವೆಂದು ಹೇಳುವ, ಫತೇ ಮೈದಾನವೆಂಬ ಹಳೆಯ ಹೆಸರಿನ, 1955ರಲ್ಲಿ ಪಾಲಿ ಉಮ್ರಿಗರರ ದ್ವಿಶತಕವನ್ನು ಕಂಡ ಆ ನೆಲದಲ್ಲಿ 2008ರ ಏಪ್ರಿಲ್ ತಿಂಗಳಿನಲ್ಲಿ ಬಹಿಷ್ಕೃತರ ಲೀಗಿನ ಅಂತಿಮ ಪಂದ್ಯಗಳು ನಡೆದುವು. ಒಂದು ಕಡೆ ಹಿಂದಿನ ಅಕ್ಟೋಬರಿನಲ್ಲಿ ನಿವೃತ್ತರಾಗಿದ್ದ ಇಂಜಮಾಮ್-ಉಲ್-ಹಕ್ಕರ ಲಾಹೋರ್ ಬಾದ್‌ಷಾಹ್ಸ್. ಇನ್ನೊಂದು ಕಡೆ ನ್ಯೂಜಿಲೆಂಡಿನ ಕ್ರಿಸ್ ಹ್ಯಾರಿಸರ ನೇತೃತ್ವದ ಹೈದರಾಬಾದ್ ಹೀರೋಸ್. ಮೂರರಲ್ಲಿ ಮೊದಲ ಎರಡನ್ನೇ ಗೆದ್ದು ಹೈದರಾಬಾದು ಪ್ರಶಸ್ತಿಯನ್ನು ಕೈವಶಮಾಡಿಕೊಂಡಿತು. ಹೈದರಾಬಾದಿಗೆ ಆಡಿದ ಪಾಕಿಸ್ತಾನದ ಅಬ್ದುಲ್ ರಜಾಕ್, ತಮ್ಮನ್ನು ವಿಶ್ವಕಪ್ ತಂಡದಿಂದ ಕೈಬಿಟ್ಟರೆಂಬ ಸಿಟ್ಟಿನಲ್ಲಿ 2007ರ ಆಗಸ್ಟಿನಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ಶರಣು ಹೇಳಿದ್ದವರು. ಲೀಗಿನ ನಂಟನ್ನು ಕಳಚಿಕೊಂಡ ಬಳಿಕ ಪಾಕಿಸ್ತಾನ ಅವರನ್ನು ಮತ್ತೆ ಕರೆಯಿತು. 2009ರ ಜೂನ್ ತಿಂಗಳಿನಲ್ಲಿ ಲಾರ್ಡ್ಸಿನ ವಿಶ್ವ ಟಿ-20 ಅಂತಿಮ ಪಂದ್ಯದಲ್ಲಿ ಮೂರು ವಿಕೆಟ್ಟುಗಳನ್ನು ಕಿತ್ತು ಕಪ್ಪನ್ನು ಗೆಲ್ಲಿಸಿದವರಲ್ಲಿ ಅವರೂ ಒಬ್ಬರಾದರು.

ಇನ್ನು ಎರಡನೆಯ ಗಿಲ್‌ಕ್ರಿಸ್ಟ್. 2008ರ ಜನವರಿಯ ಅಡಿಲೇಡ್ ಟೆಸ್ಟಿನಲ್ಲಿ ವಿ. ವಿ. ಎಸ್. ಲಕ್ಷ್ಮಣರು ಆಡುತ್ತಿರುವಾಗ ಅವರ ಬ್ಯಾಟಿನ ಅಂಚನ್ನು ಸವರಿ ಬಂದ, ಬ್ರೆಟ್ ಲೀಯ ಒಂದು ಚೆಂಡನ್ನು ಆಸ್ಟ್ರೇಲಿಯದ ವಿಕೆಟ್ ಕೀಪರ್ ಆಡಮ್ ಗಿಲ್‌ಕ್ರಿಸ್ಟರು ನೆಲಕ್ಕೆ ಚೆಲ್ಲಿದರು; ಮೈದಾನದ ದೊಡ್ಡ ಪರದೆಯ ಮೇಲೆ ಆ ಚೆಲ್ಲಿದ ಕ್ಯಾಚನ್ನು ಮತ್ತೆ ಮತ್ತೆ ನೋಡಿ, ತಮ್ಮ ಕಾಲ ಮುಗಿಯಿತೆಂದು ಅಲ್ಲಿಯೇ ನಿಶ್ಚಯಿಸಿ, ಪಂದ್ಯ ಮುಗಿಯುವ ಮೊದಲೇ ನಿವೃತ್ತಿಯನ್ನು ಸಾರಿದರು. ಆ ಪಂದ್ಯದಲ್ಲಿ ಭಾರತದ ನಾಯಕರು ನಮ್ಮ ಅನಿಲ್ ಕುಂಬ್ಳೆ. ತಿಂಗಳು ಕಳೆಯುವುದರೊಳಗೆ ನಡೆದ, ಮಂಡಲಿಯದೇ ಲೀಗಾದ ಐ.ಪಿ.ಎಲ್.ನ ಹರಾಜಿನಲ್ಲಿ ಗಿಲ್‌ಕ್ರಿಸ್ಟರನ್ನು ಏಳು ಲಕ್ಷ ಡಾಲರು ಕೊಟ್ಟು ಕೊಂಡವರು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. ಆ ತಂಡದ ಮೊದಲ ನಾಯಕ ಬೇರೆ ಯಾರೂ ಅಲ್ಲ, ಲಕ್ಷ್ಮಣರೇ! ತಂಡಕ್ಕೆ ಇತರರನ್ನು ಕೊಳ್ಳಲು ಹೆಚ್ಚಿನ ಹಣ ಉಳಿಯಲೆಂದು ತಮಗೆ ಸಲ್ಲಬೇಕಾಗಿದ್ದ ‘ಐಕಾನ್’ ಪದವಿಯನ್ನು ಬಿಟ್ಟುಕೊಟ್ಟ ಸಜ್ಜನರವರು. ಮೊದಲ ವರ್ಷ ಹದಿನಾಲ್ಕು ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ತಂಡ ಪಟ್ಟಿಯ ತಳದಲ್ಲಿ ಕುಳಿತಿತು.

ಎರಡನೆಯ ವರ್ಷ ಲೋಕಸಭೆಯ ಚುನಾವಣೆಯ ಕಾರಣ ಪಂದ್ಯಾವಳಿಯನ್ನೇ ದಕ್ಷಿಣ ಆಫ್ರಿಕಕ್ಕೆ ಸಾಗಿಸಿದರು. ಅಷ್ಟರಲ್ಲಿ ಕುಂಬ್ಳೆಯವರೂ, 2008ರ ನವೆಂಬರ್ 2ರಂದು, ದಿಲ್ಲಿಯಲ್ಲಿ, ಎಡಗೈಯ ಬೆರಳಿಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡು, 619 ಟೆಸ್ಟ್ ವಿಕೆಟ್ಟುಗಳೊಡನೆ ನಿವೃತ್ತರಾಗಿದ್ದರು. ನಿವೃತ್ತರಾಗಿ ಆರು ತಿಂಗಳೂ ತುಂಬದಿರುವಾಗ, ಕೇಪ್‌ಟೌನಿನಲ್ಲಿ ರಾಜಸ್ಥಾನದ ವಿರುದ್ಧ ಬೆಂಗಳೂರಿಗಾಗಿ ಬೌಲ್ ಮಾಡಿ, ಐದು ರನ್ನುಗಳಿಗೆ ಐದು ವಿಕೆಟ್ಟು ಪಡೆದರು. ಅತ್ತ ಗಿಲ್‌ಕ್ರಿಸ್ಟರು ಉಪಾಂತ್ಯದಲ್ಲಿ ದಿಲ್ಲಿಯ ವಿರುದ್ಧ 35 ಚೆಂಡುಗಳಲ್ಲಿ 85 ರನ್ನು ಬಾರಿಸಿದರು. ಹದಿನೇಳನೆಯ ಚೆಂಡಿಗೆ ಐವತ್ತಾಗಿತ್ತು. ಹೀಗೆ 2009ರ ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ಕಣಕ್ಕೆ ಇಳಿದ ಹೈದರಾಬಾದು, ಬೆಂಗಳೂರು ತಂಡಗಳೆರಡಕ್ಕೂ ನಿವೃತ್ತರೇ ನಾಯಕರು. ಮೊದಲ ಓವರನ್ನು ಕುಂಬ್ಳೆ ತಾವೇ ಎಸೆದರು. ಆ ಓವರಿನಲ್ಲಿಯೇ ಗಿಲ್‌ಕ್ರಿಸ್ಟರು ಶೂನ್ಯಕ್ಕೆ ಬೌಲ್ಡ್. ನಾಲ್ಕು ಓವರುಗಳ ಕೊನೆಗೆ ಕುಂಬ್ಳೆಯವರ ಲೆಕ್ಕ ಹದಿನಾರು ರನ್ನಿಗೆ ನಾಲ್ಕು ವಿಕೆಟ್ಟು. ಹರ್ಷೆಲ್ ಗಿಬ್ಸ್ ಔಟಾಗದೆ 53 ರನ್ನು ಮಾಡಿ ಹೈದರಾಬಾದನ್ನು 143ಕ್ಕೆ ಮುಟ್ಟಿಸಿದರು. ಬೆಂಗಳೂರು ಬೆನ್ನಟ್ಟುವಾಗ, ಮೂವತ್ತೇಳರ ಗಿಲ್‌ಕ್ರಿಸ್ಟರು ಸೈಮಂಡ್ಸರ ಚೆಂಡಿಗೆ ಕ್ರೀಸ್ ಬಿಟ್ಟುಬಂದ ಇಪ್ಪತ್ತರ ವಿರಾಟ್ ಕೋಹ್ಲಿಯನ್ನು ಸ್ಟಂಪ್ ಮಾಡಿದರು: ಅಡಿಲೇಡಿನಲ್ಲಿ ಮುಗಿಯಿತೆಂದು ತೀರ್ಪಿತ್ತುಕೊಂಡ ಕೈಗಳು ಅವೇ. ಕೊನೆಯ ಓವರಿಗೆ ಬೇಕಾಗಿದ್ದುದು ಹದಿನೈದು ರನ್ನು, ಉತ್ತಪ್ಪ ಕ್ರೀಸಿನಲ್ಲಿದ್ದರು, ಬೆಂಗಳೂರು ಆರು ರನ್ನಿನಿಂದ ಸೋತಿತು. ಪಂದ್ಯಪುರುಷ ಪ್ರಶಸ್ತಿ ಸೋತ ತಂಡದ ಕುಂಬ್ಳೆಗೆ, ಸರಣಿಪುರುಷ ಪ್ರಶಸ್ತಿ 495 ರನ್ನು ಗಳಿಸಿದ ಗಿಲ್‌ಕ್ರಿಸ್ಟರಿಗೆ. ಆ ಆರು ರನ್ನಿನ ಕೊರತೆಯನ್ನು ತುಂಬಿಕೊಳ್ಳಲು ಬೆಂಗಳೂರಿಗೆ ಹದಿನಾರು ವರ್ಷಗಳು ಬೇಕಾದುವು. 2025ರ ಜೂನ್ 3ರಂದು ಅದು ಕಡೆಗೆ ಕಪ್ಪನ್ನು ಗೆದ್ದದ್ದೂ ಆರೇ ರನ್ನುಗಳಿಂದ. ಡೆಕ್ಕನ್ ಚಾರ್ಜರ್ಸ್ ತಂಡವಾದರೋ ಅಷ್ಟು ಕಾಲ ಬದುಕಲಿಲ್ಲ. ಅದರ ಒಡೆಯರ ಹಣಕಾಸು ಕುಸಿದು 2012ರಲ್ಲಿ ಅದನ್ನು ರದ್ದುಗೊಳಿಸಿದರು.

ಒಂದು ವಿಷಯವನ್ನು ಇಲ್ಲಿ ನಿಷ್ಠುರವಾಗಿ ಹೇಳಬೇಕು. ರಾಯ್ ಗಿಲ್‌ಕ್ರಿಸ್ಟನಿಂದ ಆಡಮ್ ಗಿಲ್‌ಕ್ರಿಸ್ಟರವರೆಗೆ ಹೈದರಾಬಾದು ಹೊರಗಿನವರಿಗೆ ಎರಡನೆಯ ಬಾಗಿಲನ್ನು ತೆರೆದಷ್ಟು ಸುಲಭವಾಗಿ ತನ್ನ ಮಕ್ಕಳಿಗೆ ತೆರೆದುದಿಲ್ಲ. ತೆರೆದಾಗಲೂ ಅದರ ಕೀಲಿ ಬೇರೆಲ್ಲಿಯೋ ಇರುತ್ತಿತ್ತು. ಸಾನಿಯಾ ಮಿರ್ಜಾ ಅವರು 2018ರ ಅಕ್ಟೋಬರಿನಲ್ಲಿ ತಾಯಿಯಾಗಿ, ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಟೆನಿಸ್ಸಿನಿಂದ ದೂರವಿದ್ದು, 2020ರ ಜನವರಿಯಲ್ಲಿ ಹೋಬಾರ್ಟಿನಲ್ಲಿ ಮರಳಿ ಆಡಿದ ಮೊದಲ ಪಂದ್ಯಾವಳಿಯಲ್ಲಿಯೇ ಉಕ್ರೇನಿನ ನಾದಿಯಾ ಕಿಚೆನೊಕ್‌ರೊಡನೆ ಡಬಲ್ಸ್ ಪ್ರಶಸ್ತಿಯನ್ನು ಗೆದ್ದರು. ಅವರ ಛಲವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಪ್ರಸವದ ನಂತರ ಮೂರು ವರ್ಷಗಳ ವರೆಗೆ ಹಳೆಯ ಶ್ರೇಯಾಂಕವನ್ನು ಬಳಸಿಕೊಳ್ಳಬಹುದೆಂದು ಮಹಿಳಾ ಟೆನಿಸ್ ಸಂಘ ಅದಕ್ಕೆ ಸ್ವಲ್ಪ ಮೊದಲು ನಿಯಮವನ್ನು ಸಡಿಲಿಸಿತ್ತೆಂಬುದನ್ನೂ ಮರೆಯಬಾರದು. ಬಾಗಿಲು ತೆರೆದಿದ್ದುದರಿಂದ ಛಲಕ್ಕೆ ದಾರಿಯಾಯಿತು.

ಅಂಬಟಿ ರಾಯುಡು ಅವರ ಕಥೆಯಲ್ಲಿ ಹೋಗಿಬರುವುದೇ ಹೆಚ್ಚು. ಬಹಿಷ್ಕೃತ ಲೀಗಿನ ಹೈದರಾಬಾದ್ ಹೀರೋಸಿಗೆ ಆಡಿ, ಮಂಡಲಿಯ 2009ರ ಕ್ಷಮಾದಾನದಿಂದ ಮರಳಿ ಬಂದು, ಭಾರತಕ್ಕೆ ಆಡಿ, 2019ರ ವಿಶ್ವಕಪ್ಪಿಗೆ ತಮ್ಮನ್ನು ಆರಿಸಲಿಲ್ಲವೆಂಬ ನೋವಿನಲ್ಲಿ ಜುಲೈ 3ರಂದು ಎಲ್ಲ ಬಗೆಯ ಕ್ರಿಕೆಟ್ಟಿಗೂ ವಿದಾಯ ಹೇಳಿ, ಎರಡು ತಿಂಗಳು ತುಂಬುವ ಮೊದಲೇ ಹೈದರಾಬಾದು ಕ್ರಿಕೆಟ್ ಸಂಸ್ಥೆಗೆ ಪತ್ರ ಬರೆದು ಆ ವಿದಾಯವನ್ನು ಹಿಂತೆಗೆದುಕೊಂಡರು. ಸಂಸ್ಥೆ ಅವರನ್ನು ನಾಯಕನನ್ನಾಗಿಯೇ ನೇಮಿಸಿತು. ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ನಡೆದ ವಿಜಯ್ ಹಜಾರೆ ಪಂದ್ಯದಲ್ಲಿ ಅವರು ಔಟಾಗದೆ 87 ರನ್ನು ಮಾಡಿ, ಕರ್ನಾಟಕವನ್ನು 21 ರನ್ನುಗಳಿಂದ ಸೋಲಿಸಿದರು. ಕರ್ನಾಟಕ ಆ ಸೋಲನ್ನು ನುಂಗಿಕೊಂಡು ಕಡೆಗೆ ಟ್ರೋಫಿಯನ್ನೇ ಗೆದ್ದದ್ದು ಬೇರೆ ಮಾತು. ಸಿಟ್ಟಿನಲ್ಲಿ ಕೊಟ್ಟ ನಿವೃತ್ತಿಯನ್ನು ಪತ್ರದಲ್ಲಿ ಹಿಂದಕ್ಕೆ ಪಡೆಯಬಹುದಾದುದಕ್ಕೆ ಇದಕ್ಕಿಂತ ಚೊಕ್ಕಟವಾದ ದೃಷ್ಟಾಂತ ನನಗೆ ತಿಳಿಯದು. 2023ರ ಮೇ ತಿಂಗಳಿನಲ್ಲಿ ಚೆನ್ನೈ ತಂಡದೊಡನೆ ಕಪ್ಪನ್ನು ಗೆದ್ದು ಅವರು ಐ.ಪಿ.ಎಲ್.ಗೆ ವಿದಾಯ ಹೇಳಿದರು.

ಮೊಹಮ್ಮದ್ ಅಜರುದ್ದೀನರಿಗಾದರೋ ಪತ್ರ ಬರೆಯುವ ಭಾಗ್ಯವಿರಲಿಲ್ಲ. ಆಲ್ ಸೇಂಟ್ಸ್ ಶಾಲೆ, ನಿಜಾಮ್ ಕಾಲೇಜುಗಳಿಂದ ಬಂದು, ಆಡಿದ ಮೊದಲ ಮೂರು ಟೆಸ್ಟುಗಳಲ್ಲಿಯೂ ಶತಕ ಬಾರಿಸಿ, 99ನೆಯ ಟೆಸ್ಟಿನಲ್ಲಿ, 2000ದ ಮಾರ್ಚ್ ತಿಂಗಳಿನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ 102 ರನ್ನು ಮಾಡಿದವರು ಅವರು. ಅದೇ ವರ್ಷದ ಡಿಸೆಂಬರಿನಲ್ಲಿ, ಪಂದ್ಯಗಳ ಮೋಸದಾಟದ ಆಪಾದನೆಯ ಮೇಲೆ, ಕ್ರಿಕೆಟ್ ಮಂಡಲಿ ಅವರಿಗೆ ಆಜೀವ ನಿಷೇಧವನ್ನು ವಿಧಿಸಿತು. ಕೆಳಗಿನ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಮೇಲ್ಮನವಿಯನ್ನು ಕೇಳಿದ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ 2012ರ ನವೆಂಬರ್ 8ರಂದು ಆ ನಿಷೇಧ ಕಾನೂನಿನ ಮುಂದೆ ನಿಲ್ಲತಕ್ಕದ್ದಲ್ಲವೆಂದು ತೀರ್ಪಿತ್ತಿತು. ವಿಧಿಯ ದೃಷ್ಟಿಯಿಂದ ಅಂದಿನಿಂದ ಅವರು ಯಾವ ಪಂದ್ಯವನ್ನಾದರೂ ಆಡಲು ಸ್ವತಂತ್ರರು. ವಯಸ್ಸು ನಲವತ್ತೊಂಬತ್ತು, ಅಷ್ಟು ಹೊತ್ತಿಗೆ ಲೋಕಸಭೆಯ ಸದಸ್ಯರೂ ಆಗಿದ್ದರು. 2019ರಲ್ಲಿ ಹೈದರಾಬಾದು ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದಾಗ ಅವರು ಕ್ರಿಕೆಟ್ಟಿಗೆ ಮರಳಿದರೆಂದು ಜನ ಹೇಳಿದರು, ಮರಳಿದ್ದು ಕುರ್ಚಿಗೆ.

ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದನ್ನು ತೂಗುವ ಅಧಿಕಾರ ಈ ಲೇಖಕನಿಗಿಲ್ಲ. ಆದರೆ ಆಟಗಾರನ ದೇಹಕ್ಕೆ ಇರುವ ಆಯುಷ್ಯ ಹದಿನೈದು ವರ್ಷಗಳಾಗಿರುವಲ್ಲಿ ಅವನ ವ್ಯಾಜ್ಯಕ್ಕೆ ಹನ್ನೆರಡು ವರ್ಷ ಹಿಡಿದರೆ, ತೀರ್ಪು ಯಾವ ಕಡೆಗೆ ಬಂದರೂ ಶಿಕ್ಷೆ ಪೂರ್ತಿಯಾಗಿಯೇ ಮುಗಿದಿರುತ್ತದೆ. ಕ್ರೀಡಾಪಟುವಿನ ಮೇಲಣ ನಿಷೇಧವನ್ನು ಒಂದೇ ಋತುವಿನೊಳಗೆ ವಿಚಾರಿಸಿ ಇತ್ಯರ್ಥಮಾಡತಕ್ಕ ಒಂದು ನ್ಯಾಯಪೀಠವನ್ನು ನಮ್ಮ ಸರಕಾರಗಳೂ ಕ್ರೀಡಾಸಂಸ್ಥೆಗಳೂ ಕೂಡಿ ಏರ್ಪಡಿಸಬೇಕು. ಅಂಥ ಪೀಠವಿದ್ದಿದ್ದರೆ 2001ರಲ್ಲಿಯೇ ಅಜರುದ್ದೀನರು ಇತ್ತಲೋ ಅತ್ತಲೋ ಒಂದು ಕಡೆ ಸೇರಿರುತ್ತಿದ್ದರು.